ಯುದ್ಧಕಾಲದಲ್ಲಿ ಶಾಂತಿಪ್ರಾರ್ಥನೆ ಮತ್ತು ಶ್ರಾವಕನ ವ್ರತ

ಹದಿನಾರನೆಯ ತೀರ್ಥಂಕರರಾದ ಶ್ರೀ ಶಾಂತಿನಾಥ ಸ್ವಾಮಿಯವರು ತೀರ್ಥಂಕರರಾಗುವುದಕ್ಕೆ ಮುನ್ನ ಚಕ್ರವರ್ತಿಗಳಾಗಿದ್ದರು. ಹಸ್ತಿನಾಪುರದ ವಿಶ್ವಸೇನ ಮಹಾರಾಜ ಹಾಗೂ ಐರಾದೇವಿಯರ ಪುತ್ರರಾಗಿ ಜನಿಸಿ, ಷಟ್ಖಂಡ ಭೂಮಂಡಲವನ್ನು ಆಳಿ, ನವನಿಧಿಗಳಿಗೂ ಚತುರ್ದಶ ರತ್ನಗಳಿಗೂ ಒಡೆಯರಾಗಿದ್ದ ಅವರು, ಒಂದು ದಿನ ಕನ್ನಡಿಯಲ್ಲಿ ತಮ್ಮ ಎರಡು ಪ್ರತಿಬಿಂಬಗಳನ್ನು ಕಂಡು ವಿರಕ್ತರಾದರೆಂದು ಪುರಾಣವು ಹೇಳುತ್ತದೆ. ಚಕ್ರರತ್ನವೂ ಚತುರಂಗ ಸೇನೆಯೂ ತಮ್ಮ ವಶದಲ್ಲಿದ್ದಾಗಲೇ ಅವೆಲ್ಲವನ್ನೂ ತೃಣದಂತೆ ತೊರೆದು ನಡೆದ ಮಹಾತ್ಮರ ನಾಮವೇ ಶಾಂತಿಯೆಂಬುದು. ಜಗತ್ತಿನಲ್ಲಿ ಯುದ್ಧದ ಕಿಡಿ ಹೊತ್ತಿದಾಗಲೆಲ್ಲ ಜಿನಭಕ್ತರು ಶಾಂತಿನಾಥರ ಸನ್ನಿಧಿಯಲ್ಲಿ ಸೇರಿ ಶಾಂತಿಧಾರೆಯನ್ನು ನಡೆಸುವ ಸಂಪ್ರದಾಯಕ್ಕೆ ಇದಕ್ಕಿಂತ ಉಚಿತವಾದ ಆಧಾರ ಬೇರೊಂದಿಲ್ಲ.

ಆದರೆ ಯುದ್ಧಕಾಲದಲ್ಲಿ ನಡೆಯುವ ಪ್ರಾರ್ಥನೆಯು ಶಾಂತಿಕಾಲದ ಪ್ರಾರ್ಥನೆಯಷ್ಟು ಸುಲಭವಾದುದಲ್ಲ. ದೇಶಕ್ಕೆ ಆಪತ್ತು ಬಂದಾಗ ಮನಸ್ಸು ಕುದಿಯುತ್ತದೆ. ಬಂಧುಗಳು ಗಡಿಯಲ್ಲಿರುತ್ತಾರೆ. ಕಿವಿಗೆ ಬೀಳುವ ಪ್ರತಿಯೊಂದು ವಾರ್ತೆಯೂ ಕ್ರೋಧವನ್ನೋ ಭಯವನ್ನೋ ಎಬ್ಬಿಸುತ್ತದೆ. ಅಂತಹ ಹೊತ್ತಿನಲ್ಲಿ ಬಸದಿಯಲ್ಲಿ ಸೇರಿದ ಶ್ರಾವಕ ಸಮೂಹವು ಯಾವುದನ್ನು ಬೇಡಬೇಕು? ಯಾವುದನ್ನು ಬೇಡಬಾರದು? ಬೇಡಿಕೊಂಡು ಮನೆಗೆ ಹಿಂದಿರುಗಿದ ಮೇಲೆ ಏನನ್ನು ಪಾಲಿಸಬೇಕು? ಈ ಮೂರು ಪ್ರಶ್ನೆಗಳಿಗೆ ಆಗಮದಲ್ಲಿ ಸ್ಪಷ್ಟವಾದ ಉತ್ತರಗಳಿವೆ. ಅವುಗಳನ್ನು ವಿಚಾರ ಮಾಡುವುದು ಪ್ರತಿಯೊಬ್ಬ ಗೃಹಸ್ಥನ ಕರ್ತವ್ಯವಾಗಿದೆ.

ಪರ್ವ ಮತ್ತು ಯುದ್ಧ

ಸ್ವತಂತ್ರ ಭಾರತವು ಹಲವು ಯುದ್ಧಗಳನ್ನು ಕಂಡಿದೆ. ಅವುಗಳಲ್ಲಿ 1965ರ ಯುದ್ಧವು ಜೈನ ಗೃಹಸ್ಥರ ಪಾಲಿಗೆ ವಿಶೇಷವಾಗಿ ಚಿಂತನೀಯವಾದುದು. ಆ ವರ್ಷ ಭಾದ್ರಪದ ಶುದ್ಧ ಪಂಚಮಿಯು ಆಗಸ್ಟ್ ತಿಂಗಳ ಕೊನೆಗೆ ಬಂದಿತ್ತು. ಉತ್ತಮ ಕ್ಷಮೆಯಿಂದ ಆರಂಭವಾಗುವ ದಶಲಕ್ಷಣ ಪರ್ವದ ಪೂಜೆಗಳು ಬಸದಿಗಳಲ್ಲಿ ಮೊದಲಾದ ಆ ದಿನಗಳಲ್ಲಿಯೇ, ಸೆಪ್ಟೆಂಬರ್ 1ರಂದು, ಛಂಬ್ ಪ್ರದೇಶದಲ್ಲಿ ಪಾಕಿಸ್ತಾನದ ಸೇನೆಯ ಆಕ್ರಮಣ ನಡೆಯಿತು. ಸೆಪ್ಟೆಂಬರ್ 6ರಂದು ಭಾರತದ ಸೇನೆಯು ಲಾಹೋರಿನ ದಿಕ್ಕಿನಲ್ಲಿ ಗಡಿಯನ್ನು ದಾಟಿತು. ಪರ್ವವು ಇನ್ನೂ ಮುಗಿದಿರಲಿಲ್ಲ. ಅನಂತ ಚತುರ್ದಶಿಯು ಕಳೆದು, ಸಕಲ ಜೀವರಾಶಿಗಳಲ್ಲಿ ಕ್ಷಮೆಯನ್ನು ಬೇಡುವ ಕ್ಷಮಾವಾಣಿಯ ದಿನ ಬಂದಾಗಲೂ ತೋಪುಗಳ ಸದ್ದು ನಿಂತಿರಲಿಲ್ಲ. ಕದನವಿರಾಮವಾದದ್ದು ಸೆಪ್ಟೆಂಬರ್ 23ರಂದು.

ಎಲ್ಲ ಜೀವಿಗಳನ್ನೂ ಕ್ಷಮಿಸುತ್ತೇನೆ, ಎಲ್ಲ ಜೀವಿಗಳೂ ನನ್ನನ್ನು ಕ್ಷಮಿಸಲಿ ಎಂಬ ಭಾವನೆಯನ್ನು ಆ ದಿನ ಆಡಿದವನು ಗಡಿಯ ಆಚೆಗಿನವರನ್ನು ಆ 'ಎಲ್ಲ'ದೊಳಗೆ ಸೇರಿಸಿದನೇ, ಹೊರಗಿಟ್ಟನೇ? ಹೊರಗಿಟ್ಟಿದ್ದರೆ ಆ ಕ್ಷಮೆ ಪೂರ್ಣವಾಗದು. ಸೇರಿಸಿದ್ದರೆ ದೇಶವನ್ನು ಕಾಯುತ್ತಿದ್ದ ಯೋಧನಿಗೆ ಅವನು ದ್ರೋಹವೆಸಗಿದಂತಾಯಿತೇ? ಯುದ್ಧಕಾಲದ ಪ್ರಾರ್ಥನೆಯ ಕಷ್ಟವೆಲ್ಲವೂ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ.

ವೀತರಾಗನಲ್ಲಿ ಬೇಡುವುದೇನು?

ಮೊಟ್ಟಮೊದಲು ಒಂದು ತತ್ತ್ವವನ್ನು ದೃಢಪಡಿಸಿಕೊಳ್ಳಬೇಕು. ಅರ್ಹಂತನು ವೀತರಾಗನು. ಆತನು ಸ್ತುತಿಸುವವನಿಗೆ ಒಲಿಯುವುದೂ ಇಲ್ಲ, ನಿಂದಿಸುವವನ ಮೇಲೆ ಮುನಿಯುವುದೂ ಇಲ್ಲ. ಆದ್ದರಿಂದ ಜಿನೇಂದ್ರನು ಒಂದು ಪಕ್ಷಕ್ಕೆ ಜಯವನ್ನು ಕೊಟ್ಟು ಮತ್ತೊಂದು ಪಕ್ಷವನ್ನು ಸೋಲಿಸಲಿ ಎಂದು ಬೇಡುವುದು ಆತನ ಸ್ವರೂಪವನ್ನೇ ಅರಿಯದವರ ಮಾತಾದೀತು. ಹಾಗಾದರೆ ಪ್ರಾರ್ಥನೆಯಿಂದ ಪ್ರಯೋಜನವೇನು ಎಂದರೆ, ಆತನ ಗುಣಸ್ಮರಣೆಯಿಂದ ಪ್ರಾರ್ಥಿಸುವವನ ಪರಿಣಾಮವು ಶುದ್ಧವಾಗುತ್ತದೆ. ಕಷಾಯವು ಮಂದವಾಗುತ್ತದೆ. ಅಶುಭದ ಆಸ್ರವವು ಕುಂದಿ ಶುಭೋಪಯೋಗವು ಬಲಗೊಳ್ಳುತ್ತದೆ. ನೂರು ಮಂದಿ ಏಕಚಿತ್ತರಾಗಿ ಕುಳಿತರೆ ನೂರು ಮನೆಗಳಲ್ಲಿ ಕ್ರೋಧದ ಉರಿ ತಗ್ಗುತ್ತದೆ. ನೂರು ಮನೆಗಳು ಶಾಂತವಾದ ಊರಿನಲ್ಲಿ ಸುಳ್ಳು ಸುದ್ದಿಗೂ ದ್ವೇಷಕ್ಕೂ ನೆಲೆ ಸಿಗುವುದಿಲ್ಲ. ಪ್ರಾರ್ಥನಾಸಭೆಯ ಫಲವನ್ನು ಅಲ್ಲಿ ಕಾಣಬೇಕು.

ನಿತ್ಯಪೂಜೆಯ ಕೊನೆಯಲ್ಲಿ ಹೇಳುವ ಶಾಂತಿಪಾಠದ ಅಭಿಪ್ರಾಯವನ್ನು ಗಮನಿಸಿದರೂ ಇದು ಸ್ಪಷ್ಟವಾಗುತ್ತದೆ. ಅದರಲ್ಲಿ ಸಮಸ್ತ ಪ್ರಜೆಗಳಿಗೆ ಕ್ಷೇಮವನ್ನು ಬಯಸಲಾಗಿದೆ. ಆಳುವವನು ಬಲಶಾಲಿಯೂ ಧಾರ್ಮಿಕನೂ ಆಗಿರಲಿ, ಮಳೆ ಕಾಲಕಾಲಕ್ಕೆ ಬರಲಿ, ರೋಗಗಳು ನಾಶವಾಗಲಿ, ಬರಗಾಲ ಮತ್ತು ಕಳ್ಳಕಾಕರ ಭಯವು ಕ್ಷಣಮಾತ್ರವೂ ಇರದಿರಲಿ ಎಂಬ ಹಾರೈಕೆಯಿದೆ. ಆಳುವವನಿಗೆ ಬಲವು ಬೇಕೆಂದು ಅದು ಒಪ್ಪುತ್ತದೆ. ಆ ಬಲಕ್ಕೆ ಧರ್ಮದ ಜೊತೆಯೂ ಬೇಕೆಂದು ಕೂಡಲೇ ಹೇಳುತ್ತದೆ. ಆದರೆ ಶತ್ರುವಿನ ನಾಶವಾಗಲಿ, ಅವನ ನಾಡು ಬೆಂದುಹೋಗಲಿ ಎಂಬ ಒಂದು ಅಕ್ಷರವೂ ಅದರಲ್ಲಿಲ್ಲ. ಪ್ರತಿದಿನವೂ ಈ ಪಾಠವನ್ನು ಹೇಳುವ ಸಮಾಜವು ಯುದ್ಧಕಾಲದಲ್ಲಿ ಹೊಸ ಪ್ರಾರ್ಥನೆಯನ್ನು ಹುಡುಕಬೇಕಾಗಿಲ್ಲ. ಹೇಳುತ್ತ ಬಂದುದರ ಅರ್ಥವನ್ನು ಮನನ ಮಾಡಿದರೆ ಸಾಕು.

ಯೋಧನ ಮನೆ ಮತ್ತು ಜಿನಮಂದಿರ

ಮಗನನ್ನು ಗಡಿಗೆ ಕಳುಹಿಸಿರುವ ತಾಯಿಯೊಬ್ಬಳು ಇಂತಹ ಸಭೆಗೆ ಬಂದು, 'ಅಹಿಂಸೆಯ ಮಾತನ್ನು ಕೇಳುವಾಗ ನನ್ನ ಮಗನು ಪಾಪಿಯೇನೋ ಎಂಬ ಶಂಕೆ ಬರುತ್ತದೆ. ನಾನು ಇಲ್ಲಿ ಕುಳಿತುಕೊಳ್ಳಬಹುದೇ?' ಎಂದು ಕೇಳಿದರೆ ಸಮಾಜವು ಏನನ್ನು ಹೇಳಬೇಕು? ಈ ಪ್ರಶ್ನೆಗೆ ಉತ್ತರ ಕೊಡಲಾರದ ಶಾಂತಿಸಭೆಯು ಅಪೂರ್ಣವಾದುದು.

ಆಚಾರ್ಯರು ಗೃಹಸ್ಥನ ದೃಷ್ಟಿಯಿಂದ ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಕೊಲ್ಲಬೇಕೆಂಬ ಸಂಕಲ್ಪದಿಂದಲೇ ಮಾಡುವುದು ಸಂಕಲ್ಪೀ ಹಿಂಸೆ. ಅಡುಗೆ, ಮನೆಗೆಲಸ ಮೊದಲಾದವುಗಳಲ್ಲಿ ಆಗುವುದು ಆರಂಭೀ ಹಿಂಸೆ. ಕೃಷಿ, ವ್ಯಾಪಾರ ಮುಂತಾದ ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ ಹಿಂಸೆ. ತನ್ನನ್ನೂ ಆಶ್ರಿತರನ್ನೂ ದೇಶವನ್ನೂ ಆಕ್ರಮಣದಿಂದ ರಕ್ಷಿಸುವಾಗ ಆಗುವುದು ವಿರೋಧೀ ಹಿಂಸೆ. ಮಹಾವ್ರತಿಗಳಾದ ಮುನಿಗಳು ನಾಲ್ಕನ್ನೂ ತ್ಯಜಿಸುತ್ತಾರೆ. ಅಣುವ್ರತಿಯಾದ ಗೃಹಸ್ಥನು ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು ತ್ಯಜಿಸುತ್ತಾನೆ. ಉಳಿದವುಗಳಲ್ಲಿ ಯತ್ನಾಚಾರದಿಂದ ನಡೆಯುತ್ತಾನೆ. ವಿರೋಧೀ ಹಿಂಸೆಯು ಹಿಂಸೆಯೇ ಅಲ್ಲವೆಂದು ಯಾರೂ ಹೇಳಿಲ್ಲ. ಗೃಹಸ್ಥನು ಅದನ್ನು ಪೂರ್ಣವಾಗಿ ಬಿಡಲಾರನೆಂದು ಮಾತ್ರ ಹೇಳಿದ್ದಾರೆ. ಆದ್ದರಿಂದ ಆ ತಾಯಿಯ ಮಗನು ಬಸದಿಯ ಹೊರಗಿನವನಲ್ಲ. ಕರ್ತವ್ಯವೆಂದು ಕಾಯುವವನಿಗೂ ಕೊಲ್ಲುವುದರಲ್ಲಿ ಸುಖವನ್ನು ಕಾಣುವವನಿಗೂ ಬಹಳ ಅಂತರವಿದೆ.

ಕನ್ನಡ ನಾಡಿನ ಇತಿಹಾಸವೂ ಇದನ್ನೇ ಸಾರುತ್ತದೆ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಕ್ರಿ.ಶ. 981ರಲ್ಲಿ ಗೊಮ್ಮಟೇಶ್ವರ ಮೂರ್ತಿಯನ್ನು ಪ್ರತಿಷ್ಠಾಪಿಸಿದ ಚಾವುಂಡರಾಯನು ಗಂಗರ ಮಂತ್ರಿಯೂ ಸೇನಾನಿಯೂ ಆಗಿದ್ದನು. ಸಮರಪರಶುರಾಮನೆಂಬ ಬಿರುದನ್ನು ಪಡೆದ ಆತನಿಗೆ ಸತ್ಯಯುಧಿಷ್ಠಿರನೆಂಬ ಬಿರುದೂ ಇತ್ತು. ರಣಭೂಮಿಯನ್ನು ಕಂಡ ಆ ಕಣ್ಣುಗಳು ಬಯಸಿದ ಪ್ರತಿಮೆಯಾದರೋ ಗೆದ್ದುದನ್ನು ಬಿಟ್ಟು ನಿಂತವನದು. ಬೆಳಗೊಳದ ಸಮೀಪದ ಜಿನನಾಥಪುರದಲ್ಲಿ ಕ್ರಿ.ಶ. 1200ರ ಸುಮಾರಿಗೆ ಶಾಂತಿನಾಥ ಬಸದಿಯನ್ನು ಕಟ್ಟಿಸಿದ ರೇಚಿಮಯ್ಯನೂ ಒಬ್ಬ ದಂಡನಾಯಕನು. ಶಾಸನವು ಆತನನ್ನು ವಸುಧೈಕಬಾಂಧವನೆಂದು ಕರೆದಿದೆ. ದಂಡನ್ನು ನಡೆಸುವವನಿಗೆ ಲೋಕಕ್ಕೆಲ್ಲ ಬಂಧುವೆಂಬ ಬಿರುದು ಭೂಷಣವೆಂದು ಆ ಕಾಲದ ಜನರು ಭಾವಿಸಿದ್ದರು.

ಇನ್ನು ದಾನಚಿಂತಾಮಣಿ ಅತ್ತಿಮಬ್ಬೆಯ ಚರಿತ್ರೆಯನ್ನು ಯುದ್ಧಕಾಲದಲ್ಲಿ ಪ್ರತಿಯೊಬ್ಬ ಶ್ರಾವಿಕೆಯೂ ಸ್ಮರಿಸಬೇಕು. ಚಾಲುಕ್ಯರ ಸೇನಾನಿಯಾಗಿದ್ದ ಆಕೆಯ ಪತಿ ನಾಗದೇವನು ಯುದ್ಧದಲ್ಲಿ ಮಡಿದನು. ಅದೇ ನಾಗದೇವನ ಮತ್ತೊಬ್ಬ ಪತ್ನಿಯಾಗಿದ್ದ ತಂಗಿ ಗುಂಡಮಬ್ಬೆಯು ಚಿತೆಯನ್ನೇರಿದಳು. ಅತ್ತಿಮಬ್ಬೆಯು ಮಗ ಅಣ್ಣಿಗದೇವನನ್ನು ಬೆಳೆಸುತ್ತ, ವ್ರತನಿಯಮಗಳಿಂದ ದೇಹವನ್ನು ದಂಡಿಸುತ್ತ ಬದುಕಿ ಉಳಿದಳು. ಕವಿಚಕ್ರವರ್ತಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ರತ್ನಖಚಿತವಾದ ಸಾವಿರದ ಐನೂರು ಚಿನ್ನದ ಜಿನಪ್ರತಿಮೆಗಳನ್ನು ದಾನವಿತ್ತಳು. ಲಕ್ಕುಂಡಿಯ ಬ್ರಹ್ಮಜಿನಾಲಯವು ಆಕೆಯದು. ಯುದ್ಧವು ಪತಿಯನ್ನು ಕಿತ್ತುಕೊಂಡಿದ್ದರೂ ಆಕೆಯು ನಾಡಿಗೆ ಹಂಚಿದ್ದು ಶಾಂತಿನಾಥರ ಕಥೆಯನ್ನು. ಅಚ್ಚಿನ ಯಂತ್ರವಿಲ್ಲದ ಆ ಕಾಲದಲ್ಲಿ ಒಂದೊಂದು ಓಲೆಯನ್ನೂ ಕೈಯಿಂದ ಬರೆಯಿಸಿದ ಸಾವಿರ ಪ್ರತಿಗಳಿಗಿಂತ ದೊಡ್ಡ ಶಾಂತಿಪ್ರಾರ್ಥನೆಯನ್ನು ಈ ನಾಡು ಕಂಡಿದೆಯೇ? ಶಾಂತಿಯನ್ನು ಬೇಡುವ ಅಧಿಕಾರವು ಯೋಧನ ಮನೆಗೆ ಎಲ್ಲರಿಗಿಂತ ಹೆಚ್ಚಾಗಿಯೇ ಇದೆ.

ಮನೆಯಲ್ಲಿ ಕುಳಿತವನ ಯುದ್ಧ

ಯೋಧನ ವಿಷಯವು ಹೀಗಾದರೆ, ಮನೆಯಲ್ಲಿ ಕುಳಿತವನ ವಿಷಯವೇನು? ವಿಚಾರ ಮಾಡಿದಲ್ಲಿ ಹೆಚ್ಚಿನ ಅಪಾಯವು ಇವನಿಗೇ ಇದೆ. ಯೋಧನಿಗೆ ವಿರೋಧೀ ಹಿಂಸೆಯೆಂಬ ಅನಿವಾರ್ಯತೆಯಾದರೂ ಉಂಟು. ಗಡಿಯಿಂದ ನೂರಾರು ಯೋಜನ ದೂರದಲ್ಲಿ, ತನ್ನ ಪಡಸಾಲೆಯಲ್ಲಿ ಕುಳಿತು, ಶತ್ರುಪಕ್ಷದಲ್ಲಿ ಎಷ್ಟು ಮಂದಿ ಸತ್ತರೆಂಬ ಲೆಕ್ಕವನ್ನು ಕೇಳಿ ಹಿಗ್ಗುವವನಿಗೆ ಯಾವ ಅನಿವಾರ್ಯತೆಯುಂಟು? ಅವನು ಕೈಯಲ್ಲಿ ಆಯುಧವನ್ನು ಹಿಡಿಯಲಿಲ್ಲ. ಆದರೆ ಹಿಂಸಾನಂದವೆಂಬ ರೌದ್ರಧ್ಯಾನವನ್ನು ಹಿಡಿದನು. ರೌದ್ರಧ್ಯಾನವು ನರಕಗತಿಗೆ ಕಾರಣವೆಂದು ಶಾಸ್ತ್ರವು ಎಚ್ಚರಿಸಿದೆ.

ಜಪಮಾಲೆಯಲ್ಲಿ ನೂರೆಂಟು ಮಣಿಗಳು ಏಕೆ ಎಂಬುದನ್ನು ಇಲ್ಲಿ ನೆನೆಯಬೇಕು. ಸಂರಂಭ, ಸಮಾರಂಭ, ಆರಂಭ ಎಂಬ ಮೂರನ್ನು ಮನ, ವಚನ, ಕಾಯ ಎಂಬ ಮೂರರಿಂದ ಗುಣಿಸಿ, ಕೃತ, ಕಾರಿತ, ಅನುಮತ ಎಂಬ ಮೂರರಿಂದ ಗುಣಿಸಿ, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕರಿಂದ ಗುಣಿಸಿದರೆ ನೂರೆಂಟಾಗುತ್ತದೆ. ಪಾಪವು ಒಳಬರುವ ದ್ವಾರಗಳು ಅಷ್ಟಿವೆ. ತಾನು ಮಾಡದೆ, ಮಾಡಿಸದೆ, ಬರಿದೇ ಮನಸ್ಸಿನಲ್ಲಿ ಮೆಚ್ಚಿದರೂ ಅದು ಆ ಲೆಕ್ಕದಲ್ಲಿ ಬರುತ್ತದೆ. ಯುದ್ಧಕಾಲದಲ್ಲಿ ಗೃಹಸ್ಥನ ಮನೆಯಲ್ಲಿ ಹಗಲಿರುಳು ತೆರೆದಿರುವ ದ್ವಾರವು ಈ ಅನುಮೋದನೆಯದೇ.

ಇದಕ್ಕೆ ಅಗುಳಿಯಾಗಿ ಆಚಾರ್ಯರು ಅನರ್ಥದಂಡವಿರತಿಯೆಂಬ ಗುಣವ್ರತವನ್ನು ವಿಧಿಸಿದ್ದಾರೆ. ಪ್ರಯೋಜನವಿಲ್ಲದೆ ಮಾಡುವ ಪಾಪವೇ ಅನರ್ಥದಂಡ. ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಅದು ಐದು ಬಗೆಯದು. ಅಪಧ್ಯಾನವೆಂದರೇನೆಂಬುದನ್ನು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಇತರರ ಜಯವೋ ಪರಾಜಯವೋ ವಧೆಯೋ ಬಂಧನವೋ ಅಂಗಚ್ಛೇದವೋ ಹೇಗಾದೀತೆಂದು ಮನಸ್ಸಿನಲ್ಲಿ ಚಿಂತಿಸುತ್ತಿರುವುದೇ ಅಪಧ್ಯಾನವೆಂದು ಅವರ ವಿವರಣೆಯ ಸಾರ. ಒಂದೂವರೆ ಸಾವಿರ ವರ್ಷಗಳ ಹಿಂದಿನ ಈ ಮಾತು ಇಂದಿನ ಮನೆಮನೆಯ ಯುದ್ಧಚರ್ಚೆಯನ್ನು ಕಣ್ಣಾರೆ ಕಂಡು ಹೇಳಿದಂತಿದೆ. ಹಿಂಸೆಯನ್ನೂ ದ್ವೇಷವನ್ನೂ ಬೆಳೆಸುವ ಕಥೆಗಳನ್ನು ಕೇಳುವುದು, ಹೇಳುವುದು ದುಃಶ್ರುತಿ. 1965ರಲ್ಲಿ ಅದಕ್ಕೆ ರೇಡಿಯೋ ಇತ್ತು. ಈಗ ಅಂಗೈಯಲ್ಲಿರುವ ಫೋನಿನಲ್ಲಿ ಅದು ಮಧ್ಯರಾತ್ರಿಯೂ ನಿಲ್ಲುವುದಿಲ್ಲ. ದೇಶದ ಸ್ಥಿತಿಯನ್ನು ತಿಳಿಯಲು ದಿನಕ್ಕೆ ಒಂದೆರಡು ಬಾರಿ ವಾರ್ತೆಯನ್ನು ಕೇಳುವುದಕ್ಕೆ ಪ್ರಯೋಜನವಿದೆ. ಸುಟ್ಟ ಊರುಗಳ ಚಿತ್ರಗಳನ್ನು ಮತ್ತೆ ಮತ್ತೆ ನೋಡಿ ಇತರರಿಗೂ ಕಳುಹಿಸುವುದಕ್ಕೆ ಪ್ರಯೋಜನವೇನು?

ಆಯುಧವಿಲ್ಲದೆ ನಡೆಯುವ ಮತ್ತೊಂದು ಯುದ್ಧಪಾಪವು ಅಂಗಡಿಯಲ್ಲಿದೆ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೆಂಬುದು ಒಂದು. ರಾಜ್ಯವು ಕ್ಷೋಭೆಗೆ ಒಳಗಾಗಿರುವಾಗ ನ್ಯಾಯವನ್ನು ಮೀರಿ, ಅಗ್ಗಕ್ಕೆ ದೊರೆಯುವ ವಸ್ತುಗಳನ್ನು ದುಬಾರಿಗೆ ಮಾರಿಕೊಳ್ಳುವ ಪ್ರಯತ್ನವನ್ನು ಆಚಾರ್ಯರು ಇದರಲ್ಲಿ ಸೇರಿಸಿದ್ದಾರೆ. ಜೈನ ಸಮಾಜದಲ್ಲಿ ವ್ಯಾಪಾರಿಗಳು ಬಹುಮಂದಿ. ಬೆಳಿಗ್ಗೆ ಶಾಂತಿಧಾರೆಗೆ ಕಲಶವನ್ನು ಎತ್ತಿದ ಕೈಯೇ ಮಧ್ಯಾಹ್ನ ಅಕ್ಕಿಯ ಮೂಟೆಗಳನ್ನು ಹಿತ್ತಲಲ್ಲಿ ಬಚ್ಚಿಟ್ಟರೆ ಆ ಧಾರೆಯು ಶಾಂತಿಧಾರೆಯಾಗುವುದೇ? ಯುದ್ಧದಿಂದ ಲಾಭವನ್ನು ಪಡೆಯುವವನು ಯುದ್ಧವು ನಿಲ್ಲಲೆಂದು ಮನಸಾರೆ ಬೇಡಲಾರನು.

ಸಭೆಯ ವಿಧಾನ

ಇಷ್ಟನ್ನು ಮನಗಂಡ ಮೇಲೆ ಸಾಮೂಹಿಕ ಪ್ರಾರ್ಥನೆಯ ವ್ಯವಸ್ಥೆಯನ್ನು ವಿಚಾರ ಮಾಡಬಹುದು. ಅಷ್ಟಮಿ ಅಥವಾ ಚತುರ್ದಶಿಯು ಇದಕ್ಕೆ ಉತ್ತಮವಾದ ದಿನ. ಏಕೆಂದರೆ ಅವು ಪ್ರೋಷಧೋಪವಾಸದ ಪರ್ವತಿಥಿಗಳು. ಅದರಲ್ಲಿಯೂ ಕೃಷ್ಣ ಚತುರ್ದಶಿಯು ಶಾಂತಿನಾಥರ ಸ್ಮರಣೆಗೆ ಹೊಂದುತ್ತದೆ. ಸ್ವಾಮಿಯವರ ಜನ್ಮ, ತಪಸ್ಸು, ಮೋಕ್ಷ ಈ ಮೂರು ಕಲ್ಯಾಣಕಗಳೂ ಉತ್ತರದೇಶದ ಎಣಿಕೆಯ ಜ್ಯೇಷ್ಠ ಕೃಷ್ಣ ಚತುರ್ದಶಿಯಂದು, ಅಂದರೆ ಕನ್ನಡ ನಾಡಿನ ಅಮಾಂತ ಪಂಚಾಂಗದ ವೈಶಾಖ ಬಹುಳ ಚತುರ್ದಶಿಯಂದು ಬರುತ್ತವೆ. ಆದರೆ ಆಪತ್ಕಾಲದಲ್ಲಿ ತಿಥಿಗಾಗಿ ಬಹುದಿನ ಕಾಯಬೇಕಾಗಿಲ್ಲ. ಸಮೀಪದ ಪರ್ವತಿಥಿಯನ್ನು ಹಿಡಿದರಾಯಿತು.

ಶಕ್ತಿಯುಳ್ಳವರು ಹಿಂದಿನ ದಿನ ಏಕಾಶನ, ಚತುರ್ದಶಿಯಂದು ಉಪವಾಸ, ಮರುದಿನ ಏಕಾಶನ ಹೀಗೆ ಹದಿನಾರು ಪ್ರಹರಗಳ ಉತ್ತಮ ಪ್ರೋಷಧವನ್ನು ಕೈಗೊಳ್ಳಲಿ. ಅಶಕ್ತರು ಏಕಾಶನವನ್ನೋ ರಸಪರಿತ್ಯಾಗವನ್ನೋ ಮಾಡಲಿ. ಮಕ್ಕಳು, ವೃದ್ಧರು, ರೋಗಿಗಳು, ಗರ್ಭಿಣಿಯರು ತಮಗೆ ಪ್ರಿಯವಾದ ಒಂದು ವಸ್ತುವನ್ನು ಆ ದಿನ ಬಿಟ್ಟರೂ ಅದು ವ್ರತವೇ. ಉಪವಾಸವೆಂದರೆ ಆತ್ಮದ ಸಮೀಪದಲ್ಲಿ ವಾಸಿಸುವುದೆಂಬ ಅರ್ಥವು ಎಲ್ಲರಿಗೂ ತಿಳಿದುದೇ. ಉಪವಾಸವನ್ನು ಮಾಡಿ ದಿನವಿಡೀ ಯುದ್ಧವಾರ್ತೆಯ ಸಮೀಪದಲ್ಲಿ ವಾಸಿಸಿದರೆ ಅದು ಲಂಘನ ಮಾತ್ರವಾದೀತು.

ಪ್ರಾತಃಕಾಲದಲ್ಲಿ ಅಭಿಷೇಕ ಮತ್ತು ಶಾಂತಿಧಾರೆ ನಡೆಯಲಿ. ಕೆಲವು ಊರುಗಳಲ್ಲಿ ಕಲಶಗಳನ್ನು ಸವಾಲಿನ ಮೂಲಕ ಕೊಡುವ ರೂಢಿಯಿದೆ. ಆ ಒಂದು ದಿನ ಸವಾಲನ್ನು ಕೈಬಿಡುವುದು ಶ್ರೇಯಸ್ಕರ. ಮೊದಲ ಕಲಶವನ್ನು ಸೇನೆಯಲ್ಲಿರುವವರ ಮನೆಯವರಿಗೆ ಕೊಡಲಿ. ಊರಿನಲ್ಲಿ ಅಂತಹ ಮನೆ ಇಲ್ಲದಿದ್ದರೆ ಆ ವರ್ಷ ದುಃಖವನ್ನು ಕಂಡ ಯಾವುದಾದರೂ ಮನೆಯವರಿಗೆ ಕೊಡಲಿ. ಬಳಿಕ ಸಮಸ್ತರೂ ಕುಳಿತು ಎರಡು ಘಳಿಗೆ, ಎಂದರೆ ನಲವತ್ತೆಂಟು ನಿಮಿಷ, ಸಾಮಾಯಿಕವನ್ನು ಮಾಡಲಿ. ಇಪ್ಪತ್ತೇಳು ಉಚ್ಛ್ವಾಸಗಳಲ್ಲಿ ಒಂಬತ್ತು ಬಾರಿ ಪಂಚನಮಸ್ಕಾರವನ್ನು ಸ್ಮರಿಸುವ ಕಾಯೋತ್ಸರ್ಗದಿಂದ ಅದು ಆರಂಭವಾಗಲಿ. ನೂರೆಂಟು ಜಪವನ್ನು ಮಾಡುವಾಗ ಒಂದೊಂದು ಮಣಿಯೂ ಒಂದೊಂದು ದ್ವಾರವನ್ನು ಮುಚ್ಚುತ್ತಿದೆಯೆಂಬ ಭಾವನೆಯಿರಲಿ.

ಅನಂತರ ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯವೆಂಬ ನಾಲ್ಕು ಭಾವನೆಗಳನ್ನು ಕ್ರಮವಾಗಿ ಚಿಂತಿಸಲಿ. ಸರ್ವ ಜೀವಿಗಳಲ್ಲಿ ಮೈತ್ರಿ. ಗಡಿಯ ರೇಖೆಯು ಈ ಸರ್ವವನ್ನು ತುಂಡರಿಸುವುದಿಲ್ಲ. ಗುಣಾಧಿಕರಲ್ಲಿ ಪ್ರಮೋದ, ಗಾಯಾಳುಗಳನ್ನು ಹೊತ್ತು ತರುವವರು, ಶುಶ್ರೂಷೆ ಮಾಡುವವರು, ಸಂಧಿಗಾಗಿ ಶ್ರಮಿಸುವವರು ಯಾವ ದೇಶದವರಾದರೂ ಈ ಪ್ರಮೋದಕ್ಕೆ ಪಾತ್ರರು. ದುಃಖಿತರಲ್ಲಿ ಕಾರುಣ್ಯ, ಮಗನನ್ನು ಕಳೆದುಕೊಂಡ ತಾಯಿಯ ಕಣ್ಣೀರಿಗೆ ದೇಶಭೇದವಿಲ್ಲ. ಉಪದೇಶವನ್ನು ಸ್ವೀಕರಿಸದ ವಿಪರೀತ ಬುದ್ಧಿಯವರಲ್ಲಿ ಮಾಧ್ಯಸ್ಥ್ಯ. ಆಕ್ರಮಣ ಮಾಡಿದವನನ್ನು ಮೆಚ್ಚಬೇಕೆಂದು ಧರ್ಮವು ಹೇಳುವುದಿಲ್ಲ. ಅವನ ವಿಷಯದಲ್ಲಿಯೂ ಚಿತ್ತವು ಉರಿಯದಿರಲೆಂದು ಹೇಳುತ್ತದೆ. ಅವನನ್ನು ತಡೆಯುವ ಹೊಣೆ ರಾಜ್ಯದ್ದು. ತನ್ನ ಚಿತ್ತವನ್ನು ಕಾಯುವ ಹೊಣೆ ಪ್ರತಿಯೊಬ್ಬ ಶ್ರಾವಕನದು. ಕ್ಷಮಾವಾಣಿಯ 'ಎಲ್ಲ'ದೊಳಗೆ ಶತ್ರುವನ್ನು ಸೇರಿಸುವುದರಿಂದ ಯೋಧನಿಗೆ ದ್ರೋಹವಾಗುವುದಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ಸಭೆಯಲ್ಲಿ ಪಕ್ಷರಾಜಕಾರಣದ ಭಾಷಣಗಳೂ ಹಾರತುರಾಯಿಗಳೂ ಬೇಡ. ಸ್ವಾಧ್ಯಾಯಶೀಲರಾದ ಒಬ್ಬರು ಅರ್ಧಗಂಟೆ ಶಾಸ್ತ್ರಪ್ರವಚನ ಮಾಡಿದರೆ ಸಾಕು. ಧ್ವನಿವರ್ಧಕದ ಅಬ್ಬರವಿಲ್ಲದೆ, ಸೂರ್ಯಾಸ್ತಕ್ಕೆ ಮುನ್ನ ಎಲ್ಲವೂ ಮುಗಿಯಲಿ. ಯುದ್ಧಕಾಲದಲ್ಲಿ ದೀಪಗಳನ್ನು ಆರಿಸಿ ನಗರಗಳು ಕತ್ತಲಲ್ಲಿ ಕುಳಿತ ರಾತ್ರಿಗಳನ್ನು 1965ರಲ್ಲಿಯೂ 1971ರಲ್ಲಿಯೂ ಈ ದೇಶವು ಕಂಡಿದೆ. ಹಗಲಿರುವಾಗಲೇ ಉಂಡು, ಇರುಳಲ್ಲಿ ಒಲೆ ದೀಪಗಳ ಹಂಗಿಲ್ಲದೆ ಕುಳಿತು ಜಪಿಸಬಲ್ಲ ರಾತ್ರಿಭೋಜನತ್ಯಾಗಿಯ ಮನೆಗೆ ಅಂತಹ ಕತ್ತಲು ಹೊಸದಲ್ಲ. ನಿತ್ಯದ ವ್ರತವು ಆಪತ್ತಿನಲ್ಲಿ ಹೇಗೆ ರಕ್ಷಣೆಯಾಗುತ್ತದೆಂಬುದಕ್ಕೆ ಇದು ಚಿಕ್ಕ ನಿದರ್ಶನ.

ಸಭೆಯಿಂದ ಮನೆಗೆ ಒಯ್ಯಬೇಕಾದ ನಿಯಮಗಳು

ಸಭೆಯ ಕೊನೆಯಲ್ಲಿ ಪ್ರತಿಯೊಬ್ಬರೂ ಯುದ್ಧವು ಮುಗಿಯುವವರೆಗೆ ಪಾಲಿಸುವಂತೆ ಕಾಲಮರ್ಯಾದೆಯುಳ್ಳ ನಿಯಮಗಳನ್ನು ಸ್ವೀಕರಿಸಬೇಕು. ಇದೇ ಆ ದಿನದ ಮುಖ್ಯವಾದ ಕಾರ್ಯ. ಎಷ್ಟು ಜನರು ಸೇರಿದರೆಂಬುದರಿಂದ ಸಭೆಯ ಸಾಫಲ್ಯವನ್ನು ಅಳೆಯಬಾರದು. ಎಷ್ಟು ನಿಯಮಗಳು ಮನೆಗೆ ಹೋದವೆಂಬುದರಿಂದ ಅಳೆಯಬೇಕು.

ಒಂದನೆಯದು, ಯಾರ ಮರಣದ ವಾರ್ತೆಯನ್ನು ಕೇಳಿದರೂ ಹರ್ಷಿಸದಿರುವುದು. ಕೇಳಿದೊಡನೆ ಒಂದು ಬಾರಿ ಪಂಚನಮಸ್ಕಾರವನ್ನು ಸ್ಮರಿಸುವುದು. ಎರಡನೆಯದು, ತಾನು ನಿಶ್ಚಯವಾಗಿ ಅರಿಯದ ಸುದ್ದಿಯನ್ನು ಬಾಯಿಂದಾಗಲಿ ಫೋನಿನಿಂದಾಗಲಿ ಮತ್ತೊಬ್ಬರಿಗೆ ದಾಟಿಸದಿರುವುದು. ಇದು ಸತ್ಯಾಣುವ್ರತದ ರಕ್ಷಣೆ. ಮೂರನೆಯದು, ಅಗತ್ಯಕ್ಕಿಂತ ಹೆಚ್ಚಿನ ಧಾನ್ಯ, ಎಣ್ಣೆ, ಔಷಧಗಳನ್ನು ಸಂಗ್ರಹಿಸದಿರುವುದು ಮತ್ತು ಬೆಲೆಯನ್ನು ಏರಿಸದಿರುವುದು. ನಾಲ್ಕನೆಯದು, ಶತ್ರುದೇಶದವರೊಡನೆ ಮತದಿಂದಲೋ ಭಾಷೆಯಿಂದಲೋ ಸಂಬಂಧವಿದೆಯೆಂದು ನೆರೆಯ ನಿರಪರಾಧಿಗಳನ್ನು ಶಂಕಿಸಿ ನೋಯಿಸದಿರುವುದು. ಐದನೆಯದು, ವಾರಕ್ಕೆ ಒಂದು ಹೊತ್ತಿನ ಆಹಾರವನ್ನು ತ್ಯಜಿಸಿ ಅದರ ಮೌಲ್ಯವನ್ನು ದಾನಕ್ಕೆ ಮೀಸಲಿಡುವುದು.

ಈ ಐದನೆಯ ನಿಯಮಕ್ಕೆ ದೇಶದ ಇತಿಹಾಸದಲ್ಲಿಯೇ ದೃಷ್ಟಾಂತವಿದೆ. 1965ರಲ್ಲಿ ಯುದ್ಧವೂ ಆಹಾರದ ಕೊರತೆಯೂ ಒಟ್ಟಿಗೆ ಬಂದಾಗ ಪ್ರಧಾನಮಂತ್ರಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತಿನ ಊಟವನ್ನು ಬಿಡುವಂತೆ ಜನತೆಯನ್ನು ಕೇಳಿಕೊಂಡರು. ಸೋಮವಾರ ಸಂಜೆ ಅನೇಕ ಮನೆಗಳಲ್ಲಿ ಒಲೆ ಹೊತ್ತಲಿಲ್ಲ. ಹೋಟೆಲುಗಳು ಬಾಗಿಲು ಮುಚ್ಚಿದವು. ಜೈನರು ಪರ್ವತಿಥಿಗಳಲ್ಲಿ ಪಾಲಿಸುತ್ತ ಬಂದ ಆಹಾರತ್ಯಾಗವನ್ನು ಇಡೀ ದೇಶವು ಅರಿಯದೆಯೇ ಕೈಗೊಂಡಂತಾಯಿತು. ತಾನು ಬಿಟ್ಟ ತುತ್ತು ಮತ್ತೊಬ್ಬನ ಹಸಿವನ್ನು ಹಿಂಗಿಸಿದಾಗ ತಪಸ್ಸು ಮತ್ತು ದಾನ ಒಂದೇ ಆಗುತ್ತವೆ. ಹೀಗೆ ಕೂಡಿದ ಹಣದಿಂದ ಮಡಿದ ಯೋಧರ ಮಕ್ಕಳ ವಿದ್ಯೆಗೆ, ಗಾಯಾಳುಗಳ ಔಷಧಕ್ಕೆ, ನೆಲೆ ತಪ್ಪಿದವರ ಆಹಾರಕ್ಕೆ ನೆರವಾಗಬಹುದು. ಅನ್ನ, ಔಷಧ, ಜ್ಞಾನ, ಅಭಯವೆಂಬ ಚತುರ್ವಿಧ ದಾನಗಳಲ್ಲಿ ಯುದ್ಧಕಾಲಕ್ಕೆ ಹೊಂದದ ದಾನವು ಒಂದೂ ಇಲ್ಲ. ದಾನಿಗಳ ಹೆಸರನ್ನು ಫಲಕದಲ್ಲಿ ಬರೆಯಿಸದಿದ್ದರೆ ಮಾನಕಷಾಯವೂ ತಗ್ಗುತ್ತದೆ.

ಮಂತ್ರಿಗಳ ಸಭೆ

ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಬರುವ ಭರತ ಬಾಹುಬಲಿಯರ ಪ್ರಸಂಗವನ್ನು ಎಲ್ಲರೂ ಬಲ್ಲರು. ಆದರೆ ಯುದ್ಧವನ್ನು ತಡೆದ ಸಭೆಯೊಂದು ಅದರಲ್ಲಿದೆಯೆಂಬುದನ್ನು ಗಮನಿಸುವವರು ವಿರಳ. ಎರಡು ಸೇನೆಗಳೂ ಎದುರುಬದುರಾಗಿ ನಿಂತಾಗ ಉಭಯ ಪಕ್ಷದ ಮಂತ್ರಿಗಳು ಒಂದೆಡೆ ಸೇರಿದರು. ಸೋದರರಿಬ್ಬರೂ ಚರಮಶರೀರಿಗಳು, ಅವರಿಗೆ ಯುದ್ಧದಿಂದ ಮರಣವಿಲ್ಲ. ಸಾಯುವವರು ಎರಡೂ ಕಡೆಯ ಅಮಾಯಕರಾದ ಭಟರು ಮಾತ್ರ. ಈ ಜನಕ್ಷಯವೇಕೆಂದು ವಿಚಾರ ಮಾಡಿ, ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂಬ ಮೂರು ಧರ್ಮಯುದ್ಧಗಳಿಗೆ ಅವರನ್ನು ಒಪ್ಪಿಸಿದರು. ಆ ದಿನ ಸಾವಿರಾರು ಮನೆಗಳಿಗೆ ಮಕ್ಕಳು ಹಿಂದಿರುಗಿದ್ದು ಹೆಸರಿಲ್ಲದ ಆ ಮಂತ್ರಿಗಳ ಸಭೆಯಿಂದ. ಅವರಾರೂ ಚಕ್ರವರ್ತಿಗಳಲ್ಲ, ಕಾಮದೇವರೂ ಅಲ್ಲ. ಕ್ರೋಧವು ತಮ್ಮನ್ನು ಮುಟ್ಟದಂತೆ ಕಾಯ್ದುಕೊಂಡು, ಎದುರು ಪಕ್ಷದವರೊಡನೆ ಕುಳಿತು ಮಾತನಾಡಿದವರು, ಅಷ್ಟೆ. ಎಲ್ಲ ಯುದ್ಧಗಳಲ್ಲಿಯೂ ಅಂತಹವರು ಎರಡೂ ಕಡೆ ಇರಲೆಂದು ಬಯಸುವುದೇ ಶಾಂತಿಪ್ರಾರ್ಥನೆಯ ಲೌಕಿಕವಾದ ಅರ್ಥ.

ಆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮೂರರಲ್ಲಿಯೂ ಗೆದ್ದು, ತನ್ನ ಮೇಲೆ ಬಿಟ್ಟ ಚಕ್ರವೂ ಪ್ರದಕ್ಷಿಣೆ ಬಂದು ನಿಂತ ಮೇಲೆ, ಬಾಹುಬಲಿಯು ಎಲ್ಲವನ್ನೂ ತ್ಯಜಿಸಿ ಒಂದು ಸಂವತ್ಸರ ಪ್ರತಿಮಾಯೋಗದಲ್ಲಿ ನಿಂತನು. ಬಳ್ಳಿಗಳು ಮೈಗೆ ಹಬ್ಬಿದವು. ಆದರೂ ಕೇವಲಜ್ಞಾನವು ತಡೆದು ನಿಂತಿತ್ತು. ತನ್ನಿಂದ ಭರತೇಶನಿಗೆ ಕ್ಲೇಶವಾಯಿತಲ್ಲಾ ಎಂಬ ಒಂದು ಸೂಕ್ಷ್ಮವಾದ ನೆನಪು ಆ ಮಹಾಯೋಗಿಯ ಹೃದಯದಲ್ಲಿ ಉಳಿದಿತ್ತೆಂದು ಜಿನಸೇನಾಚಾರ್ಯರು ಹೇಳುತ್ತಾರೆ. ಭರತನು ಬಂದು ಪಾದಗಳನ್ನು ಪೂಜಿಸಿದಾಗ ಅದು ಕರಗಿತು, ಜ್ಞಾನವು ಉದಯಿಸಿತು. ಗೆದ್ದವನ ಎದೆಯಲ್ಲಿ ಸೋತವನ ನೋವು ಉಳಿದಿರುವು­ದೇ ಕರುಣೆ. ಸೋತವನು ಬಂದು ಕೈಮುಗಿದಾಗ ಇಬ್ಬರೂ ಬಿಡುಗಡೆಯಾಗುವುದೇ ಶಾಂತಿ. ಕದನವಿರಾಮದ ಪತ್ರಕ್ಕೆ ಸಹಿಯಾದೊಡನೆ ಯುದ್ಧವು ನಿಲ್ಲಬಹುದು. ಎದೆಯಲ್ಲಿರುವ ಮುಳ್ಳು ಕಳೆಯುವವರೆಗೆ ಶಾಂತಿಯಾಗುವುದಿಲ್ಲ.

ಆದ್ದರಿಂದ ಕದನವು ನಿಂತ ಮೇಲೆಯೂ ಸಮಾಜವು ಇನ್ನೊಮ್ಮೆ ಬಸದಿಯಲ್ಲಿ ಸೇರಬೇಕು. ಅಂದು ವಿಜಯೋತ್ಸವವು ಬೇಡ, ಕ್ಷಮಾಪಣೆಯಿರಲಿ. ಯುದ್ಧದ ದಿನಗಳಲ್ಲಿ ಮನ, ವಚನ, ಕಾಯಗಳಿಂದ ಆದ ದೋಷಗಳನ್ನು ಆಲೋಚನೆ ಮಾಡಿ ಪ್ರತಿಕ್ರಮಣದಿಂದ ಕಳೆದುಕೊಳ್ಳಲಿ. ಹಿಂದಿರುಗಿದ ಯೋಧನನ್ನು ಆದರದಿಂದ ಬರಮಾಡಿಕೊಳ್ಳಲಿ. ಹಿಂದಿರುಗದವನ ಮನೆಯವರ ಬಳಿ ಕುಳಿತು ಅನಿತ್ಯ, ಅಶರಣ ಮೊದಲಾದ ಅನುಪ್ರೇಕ್ಷೆಗಳನ್ನು ಮೃದುವಾಗಿ ಹೇಳಲಿ. ಸ್ವೀಕರಿಸಿದ ನಿಯಮಗಳಲ್ಲಿ ಯಾವುದಾದರೊಂದನ್ನು ಯಾವಜ್ಜೀವವಾಗಿ ಉಳಿಸಿಕೊಳ್ಳಲಿ. ಯುದ್ಧವು ಕಲಿಸಿದ ವ್ರತವು ಶಾಂತಿಕಾಲದಲ್ಲಿ ಉಳಿದರೆ ಮುಂದಿನ ಕ್ರೋಧಕ್ಕೆ ಮನೆಯೊಳಗೆ ಎಡೆಯಿರುವುದಿಲ್ಲ.

ಜೀವರ ಸ್ವಭಾವವು ಒಬ್ಬರಿಗೊಬ್ಬರು ಉಪಕಾರಿಗಳಾಗುವುದೆಂದು ಉಮಾಸ್ವಾಮಿ ಆಚಾರ್ಯರು ತಿಳಿಸಿದ್ದಾರೆ. ಆ ಸ್ವಭಾವವನ್ನು ಮರೆತಾಗ ಲೋಕದಲ್ಲಿ ಸಮರ, ನೆನೆದಾಗ ಶಾಂತಿ. ಶಾಂತಿನಾಥ ಸ್ವಾಮಿಯವರ ಪಾದಪೀಠದಲ್ಲಿರುವ ಜಿಂಕೆಯ ಲಾಂಛನವು ಭಯವನ್ನು ಮಾತ್ರ ಅರಿತ, ಯಾರಿಗೂ ಭಯವನ್ನು ಉಂಟುಮಾಡದ ಪ್ರಾಣಿಯದು. ಷಟ್ಖಂಡಾಧಿಪತಿಯಾಗಿದ್ದವರ ಪದತಲದಲ್ಲಿ ಅದು ನಿರ್ಭಯವಾಗಿ ನಿಂತಿದೆ. ಬಲವುಳ್ಳವರ ಬಳಿಯಲ್ಲಿ ಬಲಹೀನರು ಹಾಗೆ ನಿಲ್ಲುವಂತಾಗಲಿ. ಗಡಿಯ ಈಚೆಯವರಿಗೂ ಆಚೆಯವರಿಗೂ, ಕಾಯುವವರಿಗೂ ಕಾದಿರುವವರಿಗೂ ಕ್ಷೇಮವಾಗಲಿ. ಸಮಸ್ತ ಜೀವರಾಶಿಗಳಿಗೆ ಶಾಂತಿಯಾಗಲಿ.